ಬಿಸಿಲ ನಾಡಿನ ಚರ್ಮಕ್ಕೆ ಯಾವ ಬೆಳಕು? ಲೇಸರ್, ಐಪಿಎಲ್, ಮನೆಯ ಮಷೀನು: ದುಡ್ಡು ಕಟ್ಟುವ ಮುನ್ನ

ಬೇಡದ ಕೂದಲಿಗೆ ಲೇಸರ್ ಮಾಡಿಸಬೇಕೆಂದು ಹೊರಟವರು ಮೊದಲು ಕೇಳುವುದು ರೇಟು, ಆಮೇಲೆ ನೋವಾಗುತ್ತದೆಯೇ ಎಂದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಆ ಮಷೀನಿನ ಬೆಳಕು ನನ್ನ ಚರ್ಮ ದಾಟಿ ಕೂದಲ ಬುಡಕ್ಕೆ ಇಳಿಯುತ್ತದೆಯೋ, ಇಲ್ಲಾ ಚರ್ಮದ ಮೇಲೇ ನಿಂತು ಸುಡುತ್ತದೆಯೋ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಬೋರ್ಡಿನ ಮೇಲಿರುವ ಹತ್ತಾರು ಹೆಸರುಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಉದುರಿಹೋಗುತ್ತವೆ.

ಬೆಳಕು ಸುಡುವುದು ಬಣ್ಣವನ್ನು

ಕೂದಲು ಕಪ್ಪಾಗಿರುವುದು ಮೆಲನಿನ್ ಎಂಬ ಬಣ್ಣದಿಂದ. ಲೇಸರ್ ಬೆಳಕನ್ನು ಹೀರುವುದು ಅದೇ. ಹೀರಿದ ಬೆಳಕು ಬಿಸಿಯಾಗುತ್ತದೆ, ಆ ಬಿಸಿ ಕೂದಲಿನ ಗುಂಟ ಇಳಿದು ಬುಡವನ್ನೂ, ಕೂದಲನ್ನು ಮತ್ತೆ ಹುಟ್ಟಿಸುವ ಜೀವಕೋಶಗಳನ್ನೂ ಹಾಳು ಮಾಡುತ್ತದೆ. ಸುತ್ತಲಿನ ಚರ್ಮವನ್ನು ಬಿಟ್ಟು ಬೇಕಾದ ಗುರಿಯನ್ನಷ್ಟೇ ಕಾಯಿಸಬಹುದು ಎಂಬ ಈ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ಇವತ್ತಿನ ಮಷೀನುಗಳೆಲ್ಲ ಅದರ ಮೇಲೇ ನಿಂತಿವೆ.

ತೊಡಕು ಎಲ್ಲಿ ಅಂದರೆ, ಅದೇ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ, ಅದೂ ಕೂದಲ ಬುಡಕ್ಕಿಂತ ಮೇಲಿನ ಪದರದಲ್ಲಿ. ಬೆಳಕು ಮೊದಲು ಅದನ್ನು ದಾಟಬೇಕು. ದಾಟಿಸಲು ಮೂರು ಉಪಾಯಗಳಿವೆ. ಮೊದಲನೆಯದು ಉದ್ದ ತರಂಗಾಂತರ, ಅಂದರೆ ಬೆಳಕಿನ ಅಲೆಯ ಉದ್ದ ಹೆಚ್ಚಿರುವುದು; ಇದನ್ನು ನ್ಯಾನೊಮೀಟರಿನಲ್ಲಿ ಅಳೆಯುತ್ತಾರೆ. ತರಂಗಾಂತರ ಹೆಚ್ಚಾದಷ್ಟೂ ಮೆಲನಿನ್ ಅದನ್ನು ಹೀರುವುದು ಕಡಿಮೆ, ಬೆಳಕು ಇಳಿಯುವುದು ಆಳಕ್ಕೆ. ಎರಡನೆಯದು ಚರ್ಮವನ್ನು ತಣ್ಣಗಿಡುವುದು. ಮೂರನೆಯದು ಬೆಳಕನ್ನು ನಿಧಾನಕ್ಕೆ ಕೊಡುವುದು. ಚರ್ಮದ ಮೇಲ್ಪದರ ತೆಳು, ಕಾದ ಮೇಲೆ ಸುಮಾರು 3ರಿಂದ 10 ಮಿಲಿಸೆಕೆಂಡಿನಲ್ಲಿ ಆರುತ್ತದೆ. ದಪ್ಪ ಕೂದಲ ಬುಡ ಆರಲು 40ರಿಂದ 100 ಮಿಲಿಸೆಕೆಂಡ್ ಬೇಕು. ತೆಳು ರೊಟ್ಟಿ ಬುಟ್ಟಿಗೆ ಹಾಕಿದ ಕೂಡಲೇ ಆರುತ್ತದೆ, ಹಂಚು ಮಾತ್ರ ಒಲೆಯಿಂದ ಇಳಿಸಿದರೂ ಹೊತ್ತು ಹಿಡಿಯುತ್ತದಲ್ಲ, ಹಾಗೆ. ಬೆಳಕಿನ ಏಟನ್ನು 30 ಮಿಲಿಸೆಕೆಂಡಿಗೋ ಅದಕ್ಕಿಂತ ಉದ್ದಕ್ಕೋ ಎಳೆದರೆ ರೊಟ್ಟಿ ಆರುತ್ತಾ ಹೋಗುತ್ತದೆ, ಹಂಚು ಕಾಯುತ್ತಾ ಹೋಗುತ್ತದೆ.

ಬಣ್ಣವೇ ಗುರಿಯಾದ್ದರಿಂದ ಬಣ್ಣವಿಲ್ಲದ ಕೂದಲಿಗೆ ಬೆಳಕಿನ ಯಾವ ಮಷೀನೂ ಕೆಲಸ ಮಾಡದು. ನರೆತ ಕೂದಲು, ಕೆಂಚು ನುಣುಪು ರೋಮ, ಪಾರ್ಲರಿನಲ್ಲಿ ಬ್ಲೀಚ್ ಮಾಡಿಸಿದ ಮುಖದ ಕೂದಲು ಎಲ್ಲಕ್ಕೂ ಇದೇ ಮಾತು. ಮುಖಕ್ಕೆ ತಿಂಗಳಿಗೊಮ್ಮೆ ಬ್ಲೀಚ್ ಮಾಡಿಸುತ್ತಾ ಲೇಸರ್ ಕೂಡ ಮಾಡಿಸುವವರು ಸುಮ್ಮನೆ ದುಡ್ಡು ಚೆಲ್ಲುತ್ತಿದ್ದಾರೆ.

‘ಶಾಶ್ವತ’ ಎಂಬ ಮಾತಿಗೂ ಒಂದು ಮಿತಿ ಇದೆ. ಔಷಧಿ, ವೈದ್ಯಕೀಯ ಮಷೀನುಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಮಷೀನುಗಳಿಗೆ ಒಪ್ಪಿರುವುದು ‘ಕೂದಲಿನ ಸಂಖ್ಯೆಯಲ್ಲಿ ದೀರ್ಘಕಾಲ ನಿಲ್ಲುವ ಇಳಿಕೆ’ ಎಂಬ ಅರ್ಥವನ್ನು. ಒಂದೂ ಕೂದಲು ಬಾರದು ಎಂಬ ಅರ್ಥವನ್ನಲ್ಲ. ಚೆನ್ನಾಗಿ ಮಾಡಿದ ಚಿಕಿತ್ಸೆಯ ನಂತರ ಉಳಿಯುವ ಕೂದಲು ಕಡಿಮೆ, ತೆಳು, ಬಣ್ಣ ಕಂದು. ವರ್ಷಕ್ಕೆ ಒಂದೆರಡು ಬಾರಿ ಉಳಿದದ್ದನ್ನು ಒರೆಸಿಕೊಳ್ಳುವ ಸೆಷನ್ (ಟಚ್‌ಅಪ್) ಬೇಕಾಗಬಹುದು. ‘ಆರು ಸಲಕ್ಕೆ ಪೂರ್ತಿ ಹೋಗ್ತದ್ರೀ’ ಎಂದವರಿಗೆ ಅದನ್ನು ಬರೆದುಕೊಡಿ ಅನ್ನಿ, ಮಾತು ಮೆತ್ತಗಾಗುತ್ತದೆ.

ಮೊದಲು ನಿಮ್ಮ ತೋಳು ನೋಡಿಕೊಳ್ಳಿ

ಚರ್ಮದ ಡಾಕ್ಟರುಗಳು ಚರ್ಮವನ್ನು ಬಿಸಿಲಿಗೆ ಅದು ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ 1ರಿಂದ 6ರವರೆಗೆ ವಿಂಗಡಿಸುತ್ತಾರೆ. ಫಿಟ್ಜ್‌ಪ್ಯಾಟ್ರಿಕ್ ಅಳತೆ ಎಂದು ಇದರ ಹೆಸರು. ನಮ್ಮ ಕಡೆ ಹೆಚ್ಚಿನವರು 4 ಮತ್ತು 5ರಲ್ಲಿ ಬರುತ್ತಾರೆ. ಗೋಧಿ ಬಣ್ಣ ಅಂದರೆ 4 ಎಂದುಕೊಳ್ಳಿ, ಕಪ್ಪು ಕಂದು ಅಂದರೆ 5.

ಆದರೆ ಲೇಸರಿಗೆ ಬೇಕಾದದ್ದು ಹುಟ್ಟಿದ ಬಣ್ಣ ಮಾತ್ರವಲ್ಲ, ಇವತ್ತಿನ ಬಣ್ಣ. ಕಂಕುಳ ಹತ್ತಿರದ ತೋಳಿನ ಒಳಮೈಯನ್ನೂ ಮುಂಗೈಯ ಹೊರಮೈಯನ್ನೂ ಅಕ್ಕಪಕ್ಕ ಇಟ್ಟು ಬಾಗಿಲ ಬೆಳಕಿನಲ್ಲಿ ನೋಡಿ. ಗದ್ದೆಗೆ ನಾಟಿ ಮಾಡಲು ಇಳಿದವರ, ಹತ್ತಿ ಬಿಡಿಸಿದವರ, ಗಾಡಿ ಮೇಲೆ ತೋರಣಗಲ್ಲಿಗೋ ಶಕ್ತಿನಗರಕ್ಕೋ ಡ್ಯೂಟಿಗೆ ಓಡಾಡುವವರ ಮುಂಗೈ ಒಳತೋಳಿಗಿಂತ ಎರಡು ಛಾಯೆ ಕಪ್ಪಿರುತ್ತದೆ. ಮೊಣಕೈ ಮೇಲೆ ರವಿಕೆಯ ತೋಳು ಮುಗಿಯುವಲ್ಲಿ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿರುತ್ತದೆ. ಆ ಗೆರೆಯಿಂದ ಮೇಲಕ್ಕೆ ಸರಿಯಾಗಿ ನಡೆಯುವ ಸೆಟ್ಟಿಂಗು ಕೆಳಗೆ ಬೊಕ್ಕೆ ಎಬ್ಬಿಸುತ್ತದೆ. ಒಂದೇ ಕೈಗೆ ಎರಡು ಸೆಟ್ಟಿಂಗ್ ಬೇಕು. ಅದಕ್ಕಿಂತ ಒಳ್ಳೆಯದು, ಟ್ಯಾನ್ ಇಳಿಯುವವರೆಗೆ ಕಾಯುವುದು.

ಮಷೀನುಗಳನ್ನು ಪಕ್ಕಪಕ್ಕ ಇಟ್ಟರೆ

*ಎನ್‌ಡಿ ಯಾಗ್, 1064 ನ್ಯಾನೊಮೀಟರ್.* ಕಪ್ಪು ಚರ್ಮಕ್ಕೆ ಇರುವುದರಲ್ಲಿ ಸುರಕ್ಷಿತವಾದದ್ದು ಇದು. ಮೆಲನಿನ್ ಇದನ್ನು ಕಡಿಮೆ ಹೀರುವುದರಿಂದ ಚರ್ಮ ಉಳಿಯುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಅದೇ ಕಾರಣಕ್ಕೆ ಕೂದಲೂ ಕಡಿಮೆ ಹೀರುತ್ತದೆ. ಹಾಗಾಗಿ ಶಕ್ತಿ ಜಾಸ್ತಿ ಕೊಡಬೇಕು, ಚದರ ಸೆಂಟಿಮೀಟರಿಗೆ 20ರಿಂದ 40 ಜೂಲ್ ಸಾಮಾನ್ಯ. ನೋವು ಹೆಚ್ಚು, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ, ಮೇಲ್ತುಟಿಯಲ್ಲಂತೂ ಕಣ್ಣಲ್ಲಿ ನೀರು ಬರುತ್ತದೆ. ದಪ್ಪ, ಕರೀ ಕೂದಲಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ತೆಳು ಕೂದಲಿಗೆ ಅಷ್ಟಕ್ಕಷ್ಟೆ. ಗಡ್ಡ ಬೋಳಿಸಿದರೆ ಗುಳ್ಳೆಯೇಳುವ, ಕೂದಲು ಒಳಗೇ ಸುರುಳಿ ಸುತ್ತಿ ಬೆಳೆಯುವ ಗಂಡಸರಿಗೂ ಮೊದಲ ಆಯ್ಕೆ ಇದೇ. ಒಂದು ಎಚ್ಚರ: ಟ್ಯಾಟೂ ತೆಗೆಯುವ, ‘ಕಾರ್ಬನ್ ಫೇಶಿಯಲ್’ ಮಾಡುವ ಎನ್‌ಡಿ ಯಾಗ್ ಬೇರೆ. ಅದು ಕ್ಯೂ ಸ್ವಿಚ್ಡ್, ಅದರ ಏಟು ನ್ಯಾನೊಸೆಕೆಂಡಿನದು. ಕೂದಲು ತಗ್ಗಲು ಬೇಕಾದದ್ದು ಮಿಲಿಸೆಕೆಂಡಿನ ‘ಲಾಂಗ್ ಪಲ್ಸ್’. ಹೆಸರು ಒಂದೇ ಆದ್ದರಿಂದ ‘ನಮ್ಮಲ್ಲಿ ಯಾಗ್ ಐತ್ರೀ’ ಎಂಬ ಉತ್ತರ ಸಾಲದು.

*ಡಯೋಡ್, 800ರಿಂದ 810.* ನಮ್ಮ ಊರುಗಳಲ್ಲಿ ನೀವು ಹೆಚ್ಚಾಗಿ ಕೇಳುವ ಹೆಸರು ಇದು. 4ನೇ ಬಗೆಯ ಚರ್ಮಕ್ಕೆ ಒಳ್ಳೆಯ ಆಯ್ಕೆ. 5ಕ್ಕೂ ಸಾಧ್ಯ, ಆದರೆ ಏಟು ಉದ್ದವಿರಬೇಕು, ಚರ್ಮಕ್ಕೆ ತಾಗುವ ತುದಿ ಗಾಜು ಕೈಗೆ ಐಸ್ ಹಿಡಿದಂತೆ ತಣ್ಣಗಿರಬೇಕು, ಜೂಲ್ ಕಡಿಮೆಯಿಂದ ಶುರುವಾಗಬೇಕು. ಕೂದಲನ್ನು ಯಾಗ್‌ಗಿಂತ ಚೆನ್ನಾಗಿ ಹಿಡಿಯುತ್ತದೆ, ನೋವೂ ಕಡಿಮೆ.

ಡಯೋಡಿನಲ್ಲೇ ಎರಡು ಪದ್ಧತಿ. ಒಂದು, ಮಷೀನಿನ ಹಿಡಿಯನ್ನು (ಹ್ಯಾಂಡ್‌ಪೀಸ್) ಚರ್ಮಕ್ಕೆ ಒತ್ತಿ ಒಂದೊಂದೇ ಏಟು ಕೊಡುತ್ತಾ ಮುಂದೆ ಹೋಗುವುದು. ಇನ್ನೊಂದು, ಜೆಲ್ ಹಚ್ಚಿ ಹಿಡಿಯನ್ನು ಇಸ್ತ್ರಿ ಮಾಡಿದ ಹಾಗೆ ಹಿಂದೆಮುಂದೆ ಜಾರಿಸುತ್ತಾ, ಸೆಕೆಂಡಿಗೆ ಹತ್ತರಂತೆ ಸಣ್ಣ ಏಟು ಕೊಡುತ್ತಾ, ಬಿಸಿಯನ್ನು ನಿಧಾನಕ್ಕೆ ಏರಿಸುವುದು. ಎರಡನೆಯದನ್ನೇ ಎಸ್‌ಎಚ್‌ಆರ್ (ಸೂಪರ್ ಹೇರ್ ರಿಮೂವಲ್) ಎಂದೂ ‘ನೋವಿಲ್ಲದ ಲೇಸರ್’ ಎಂದೂ ಮಾರುತ್ತಾರೆ. ನೋವು ಕಡಿಮೆ ನಿಜ, ಕಪ್ಪು ಚರ್ಮಕ್ಕೆ ಸುಡುವ ಭಯವೂ ಕಡಿಮೆ. ಆದರೆ ಫಲಿತಾಂಶವೆಲ್ಲ ಮಾಡುವವರ ಕೈಯಲ್ಲಿದೆ. ಅಂಗೈಯಷ್ಟು ಜಾಗಕ್ಕೆ ಇಷ್ಟು ಸಲ, ಒಟ್ಟು ಇಷ್ಟು ಜೂಲ್ ಎಂಬ ಲೆಕ್ಕ ಮುಟ್ಟಬೇಕು. ಕ್ಯೂನಲ್ಲಿ ಇನ್ನೂ ನಾಲ್ಕು ಮಂದಿ ಕೂತಿದ್ದಾರೆ ಎಂದು ಎರಡೂ ಕಾಲನ್ನು ಕಾಲು ಗಂಟೆಯಲ್ಲಿ ಮುಗಿಸಿದರೆ ಅದು ಬೆಚ್ಚಗಿನ ಮಸಾಜು, ಅಷ್ಟೇ. ನೋವಿಲ್ಲ ಎನ್ನುವುದನ್ನು ಗುಣ ಎಂದು ಎಣಿಸುವ ಮೊದಲು ಕೂದಲು ಉದುರಿತೇ ನೋಡಿ.

*ಅಲೆಕ್ಸಾಂಡ್ರೈಟ್, 755.* ಬಿಳಿ ಚರ್ಮದ ದೇಶಗಳಲ್ಲಿ ಇದು ರಾಜ. ಮೆಲನಿನ್ ಇದನ್ನು ಗಟ್ಟಿಯಾಗಿ ಹೀರುವುದರಿಂದ ತೆಳು ಕೂದಲೂ ಸಿಗುತ್ತದೆ. ಅದೇ ಗುಣ ನಮ್ಮ ಚರ್ಮಕ್ಕೆ ದೋಷ. 5ನೇ ಬಗೆಯವರು ಬೇಡವೆನ್ನಿ. ಕೆಲವು ಮಷೀನುಗಳಲ್ಲಿ 755 ಮತ್ತು 1064 ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಮಾಡಿಸುವವರು ಇವತ್ತು ಯಾವುದನ್ನು ಹಾಕಿದ್ದೀರಿ ಎಂದು ಪರದೆ ನೋಡಿಯೇ ಕೇಳಬೇಕು. ಮೂರು ತರಂಗಾಂತರ ಒಟ್ಟಿಗೇ ಬಿಡುವ ಡಯೋಡ್ ಹಿಡಿಗಳೂ ಬಂದಿವೆ. ಒಂದರಲ್ಲಿ ಮೂರು ಎಂಬ ಮಾತು ಕೇಳಲು ಚೆಂದ, ಆದರೆ ಆ ಮೂರರಲ್ಲಿ 755 ಕೂಡ ಒಂದು ಎಂಬುದು ನೆನಪಿರಲಿ.

*ಐಪಿಎಲ್.* ಪೂರ್ತಿ ಹೆಸರು ಇಂಟೆನ್ಸ್ ಪಲ್ಸ್ಡ್ ಲೈಟ್, ಇದು ಲೇಸರ್ ಅಲ್ಲ. ಫೋಟೊ ಫ್ಲ್ಯಾಶಿನಂಥ ದೀಪ, ಸುಮಾರು 500ರಿಂದ 1200 ನ್ಯಾನೊಮೀಟರಿನ ಹಲವು ತರಂಗಗಳು ಒಟ್ಟಿಗೆ ಬರುತ್ತವೆ. ಮುಂದೆ ಸೋಸುವ ಗಾಜು ಹಾಕಿ ಕಡಿಮೆ ತರಂಗಾಂತರದವನ್ನು ತಡೆಯುತ್ತಾರೆ. ಕಪ್ಪು ಚರ್ಮಕ್ಕೆ 695ರ ಮೇಲಿನ ಗಾಜು ಬೇಕು. ಅಷ್ಟಾದರೂ ಲೇಸರಿನಷ್ಟು ಗುರಿ ಸಿಗದು. ದೀಪ ಹಳೆಯದಾದಂತೆ ಹೊರಬೀಳುವ ಶಕ್ತಿ ಇಳಿಯುತ್ತದೆ, ಪರದೆಯ ಅಂಕಿ ಮಾತ್ರ ಹಾಗೇ ಇರುತ್ತದೆ. ಮಷೀನು ಅಗ್ಗ, ಅದಕ್ಕೇ ಪಾರ್ಲರುಗಳಲ್ಲಿ ಇದನ್ನೇ ಲೇಸರ್ ಎಂದು ಕರೆದು ಕೂರಿಸುವುದುಂಟು. ಗುರುತಿಸುವುದು ಹೇಗೆ? ಏಟು ಬೀಳುವಾಗ ಕನ್ನಡಕದ ಅಂಚಿನಲ್ಲಿ ಬೆಳ್ಳಗೆ, ಹಳದಿಯಾಗಿ ಮಿಂಚು ಕಂಡರೆ ಅದು ಐಪಿಎಲ್. ಯಾಗ್, ಡಯೋಡ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. 4ನೇ ಬಗೆಯ, ಟ್ಯಾನ್ ಇಲ್ಲದ ಕಂಕುಳಿಗೆ ನುರಿತ ಕೈಯಲ್ಲಿ ಐಪಿಎಲ್ ನಡೆದೀತು. 5ಕ್ಕೆ ನಾವು ಬೇಡವೆನ್ನುತ್ತೇವೆ.

*ಮನೆಯ ಮಷೀನು.* ಆನ್‌ಲೈನಿನಲ್ಲಿ ಸಿಗುವವು ಬಹುತೇಕ ಐಪಿಎಲ್. ಶಕ್ತಿ ಕಡಿಮೆ, ಕ್ಲಿನಿಕ್ಕಿನದರ ಒಂದು ಪಾಲು ಮಾತ್ರ. ಆದ್ದರಿಂದ ಮೊದಲ ಎರಡು ಮೂರು ತಿಂಗಳು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಆಮೇಲೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಾಕುತ್ತಲೇ ಇರಬೇಕು. ಬಿಟ್ಟರೆ ಕೂದಲು ವಾಪಸ್. ಒಳ್ಳೆಯ ಮಷೀನುಗಳಲ್ಲಿ ಚರ್ಮದ ಬಣ್ಣ ಓದುವ ಸೆನ್ಸರ್ ಇರುತ್ತದೆ, ಕಪ್ಪಿನ ಮೇಲೆ ಇಟ್ಟರೆ ಫ್ಲ್ಯಾಶ್ ಬರುವುದೇ ಇಲ್ಲ. ‘ಕೆಟ್ಟೈತಿ’ ಎಂದು ವಾಪಸ್ ಕಳಿಸುವವರು ಅನೇಕರು, ಆದರೆ ಅದು ತನ್ನ ಕೆಲಸ ಮಾಡುತ್ತಿದೆ. ಸೆನ್ಸರ್ ಇಲ್ಲದ ಅಗ್ಗದ ಮಷೀನು ಕೊಂಡರೆ ಆ ಕಾವಲೂ ಇಲ್ಲ. ಡಬ್ಬಿಯೊಳಗಿನ ಬಣ್ಣದ ಪಟ್ಟಿಯಲ್ಲಿ ನಿಮ್ಮ ಕಾಲಿನ ಬಣ್ಣ ‘ಉಪಯೋಗಿಸಬೇಡಿ’ ಎಂಬ ಚೌಕದ ಪಕ್ಕದಲ್ಲಿದ್ದರೆ ಕೊಳ್ಳುವುದೇ ಬೇಡ. ಗಂಡಸರ ಮುಖಕ್ಕೆ ಇವು ಅಲ್ಲ. ಹೆಂಗಸರಿಗೂ ಕೆನ್ನೆಮೂಳೆಯ ಕೆಳಗೆ ಮಾತ್ರ.

*ಎಲೆಕ್ಟ್ರಾಲಿಸಿಸ್.* ಬೆಳಕಲ್ಲ, ಕೂದಲಿನಷ್ಟು ಸಣ್ಣ ಸೂಜಿಯನ್ನು ಒಂದೊಂದೇ ರಂಧ್ರಕ್ಕೆ ಇಳಿಸಿ ಕರೆಂಟು ಕೊಡುವುದು. 1875ರಿಂದ ಇರುವ ಪದ್ಧತಿ, ಒಳಬಾಗಿದ ರೆಪ್ಪೆಗೂದಲು ತೆಗೆಯಲು ಅಮೆರಿಕದ ಕಣ್ಣಿನ ಡಾಕ್ಟರೊಬ್ಬರು ಶುರು ಮಾಡಿದ್ದು. ಬಣ್ಣದ ಹಂಗಿಲ್ಲ, ಹಾಗಾಗಿ ಗದ್ದದ ಮೇಲಿನ ಏಳೆಂಟು ಬಿಳಿ ಕೂದಲಿಗೆ ಇದೊಂದೇ ದಾರಿ. ಕಾಲಿಗೆಲ್ಲ ಮಾಡಿಸುತ್ತೇನೆಂದರೆ ವರ್ಷಗಳು ಸಾಲವು. ಸೂಜಿ ಹೊಸದೇ ಇರಬೇಕು, ಪ್ಯಾಕೆಟ್ ನಿಮ್ಮ ಮುಂದೆ ಒಡೆಯಬೇಕು. ಕೈ ಪಳಗದವರು ಮಾಡಿದರೆ ಸಣ್ಣ ಗುಳಿ, ಕಪ್ಪು ಚುಕ್ಕೆ ಉಳಿಯುತ್ತದೆ.

ಹಾಗಾದರೆ ತೀರ್ಮಾನ? ಕಪ್ಪು ಚರ್ಮ, ದಪ್ಪ ಕೂದಲು: ಲಾಂಗ್ ಪಲ್ಸ್ ಯಾಗ್, ಚೌಕಾಸಿಯೇ ಬೇಡ. ಗೋಧಿ ಬಣ್ಣ, ಮುಚ್ಚಿದ ಜಾಗ: ತಣ್ಣನೆ ತುದಿಯ ಡಯೋಡ್. ಗೋಧಿ ಬಣ್ಣ, ಕಂಕುಳು ಕಾಲು ಮಾತ್ರ, ತಾಳ್ಮೆ ಜಾಸ್ತಿ, ಊರು ದೂರ: ಸೆನ್ಸರ್ ಇರುವ ಮನೆಯ ಮಷೀನು. ಕೈಯಲ್ಲಿ ರೋಮ ತೆಳ್ಳಗಿದ್ದು ದೂರದಿಂದ ಕಾಣದಿದ್ದರೆ ಯಾವುದೂ ಬೇಡ, ಅದರಿಂದ ಲಾಭಕ್ಕಿಂತ ತೊಂದರೆಯೇ ಜಾಸ್ತಿ. ಏನು ತೊಂದರೆ ಎಂಬುದು ಮುಂದೆ.

ಮುಖದ ಕೂದಲು: ಮಷೀನಿಗೂ ಮೊದಲು ರಕ್ತ ಪರೀಕ್ಷೆ

ಗದ್ದ, ದವಡೆಯಂಚು, ಕತ್ತು, ಎದೆ, ಹೊಕ್ಕುಳ ಕೆಳಗೆ ದಪ್ಪ ಕೂದಲು ಬರುತ್ತಿದ್ದು ಮುಟ್ಟು ಏರುಪೇರಾಗಿದ್ದರೆ, ಮೊಡವೆ, ತೂಕ ಹೆಚ್ಚುವುದು ಕೂಡ ಜೊತೆಗಿದ್ದರೆ, ಅದು ಬಹುಮಟ್ಟಿಗೆ ಪಿಸಿಒಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು. ಹಾರ್ಮೋನ್ ಹೊಸ ಕೂದಲನ್ನು ತಳ್ಳುತ್ತಲೇ ಇರುವಾಗ ಲೇಸರ್ ಮಾಡಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಟೆಸ್ಟೊಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ, ಹೊಟ್ಟೆಯ ಸ್ಕ್ಯಾನ್ ಇಷ್ಟನ್ನು ಸಾಮಾನ್ಯವಾಗಿ ಬರೆಯುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಅಲ್ಲಿನ ಚರ್ಮರೋಗ ವಿಭಾಗದಲ್ಲಿ ಚೀಟಿ ಮಾಡಿಸಿ ತೋರಿಸಿಕೊಂಡರೆ ಅರ್ಧ ದಿನದ ಕೆಲಸ. ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೇ ಹೆಚ್ಚಿ ದನಿ ಗಡುಸಾದರೆ, ನೆತ್ತಿಯ ಕೂದಲು ಗಂಡಸರಂತೆ ಉದುರಿದರೆ ಲೇಸರಿನ ಮಾತೇ ಬೇಡ, ಕೂಡಲೇ ಡಾಕ್ಟರನ್ನು ಕಾಣಬೇಕು.

ಪಿಸಿಒಡಿ ಇದ್ದರೆ ಲೇಸರ್ ಮಾಡಿಸಬಾರದೆಂದಲ್ಲ. ಔಷಧಿ ಜೊತೆಗೇ ನಡೆಯಲಿ, ಸೆಷನ್ ಹೆಚ್ಚು ಬೇಕಾದೀತು, ಮುಗಿದ ಮೇಲೂ ನಡುನಡುವೆ ಒರೆಸುವ ಸೆಷನ್ ಇರುತ್ತದೆ ಎಂದು ತಿಳಿದೇ ಕಟ್ಟಿ.

ಈಗ ಆ ತೊಂದರೆಯ ವಿಷಯ. ಕೆನ್ನೆಯ ಪಕ್ಕ, ದವಡೆ ಕೆಳಗೆ ನುಣುಪು ರೋಮ ಇರುವಲ್ಲಿ ಲೇಸರ್ ಹಾಕಿದರೆ ಕೆಲವರಿಗೆ ಕೂದಲು ಕಡಿಮೆಯಾಗುವ ಬದಲು ದಪ್ಪವಾಗಿ, ಕಪ್ಪಾಗಿ, ಹೆಚ್ಚಾಗಿ ಬರುತ್ತದೆ. ಇದು ವೈದ್ಯರಿಗೆ ಗೊತ್ತಿರುವ ಅಡ್ಡಪರಿಣಾಮ. ನಮ್ಮಂಥ ಬಣ್ಣದ ಚರ್ಮದವರಲ್ಲಿ, ಮುಖ ಕತ್ತಿನಲ್ಲಿ, ಹಾರ್ಮೋನ್ ತೊಂದರೆ ಇರುವವರಲ್ಲಿ ಹೆಚ್ಚು ಕಂಡುಬರುತ್ತದೆ. ಬುಡ ಸಾಯದಷ್ಟು, ಎಚ್ಚರಗೊಳ್ಳುವಷ್ಟು ಮಾತ್ರ ಬಿಸಿ ಸಿಗುವುದು ಇದಕ್ಕೆ ಕಾರಣವೆಂದು ಹೇಳುತ್ತಾರೆ. ಗದ್ದಕ್ಕೆ ಹಾಕುವಾಗ ‘ಕೆನ್ನೆಗೂ ಫ್ರೀ ಹಾಕ್ತೀವ್ರೀ’ ಅಂದರೆ ಬೇಡವೆಂದು ಕೈ ಮುಗಿಯಿರಿ. ಮೂರು ಸೆಷನ್ ಆದ ಮೇಲೂ ಅಂಚಿನಲ್ಲಿ ಹೊಸ ದಪ್ಪ ಕೂದಲು ಕಂಡರೆ ಫೋಟೊ ತೆಗೆದು ತೋರಿಸಿ, ಹಾಗೇ ಮುಂದುವರಿಸಬೇಡಿ.

ಪಂಚಮಿಗೆ ಶುರು, ಶಿವರಾತ್ರಿಗೆ ಮುಗಿತಾಯ

ಕೂದಲು ಬೆಳೆಯುವ ಹಂತದಲ್ಲಿದ್ದಾಗ ಮಾತ್ರ ಅದು ಬುಡಕ್ಕೆ ಅಂಟಿಕೊಂಡಿರುತ್ತದೆ, ಬಿಸಿ ಬುಡ ಮುಟ್ಟುತ್ತದೆ. ಒಂದು ಹೊತ್ತಿನಲ್ಲಿ ಎಲ್ಲ ಕೂದಲೂ ಆ ಹಂತದಲ್ಲಿರುವುದಿಲ್ಲ. ಮೇಲ್ತುಟಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಕಂಕುಳಲ್ಲಿ ಸುಮಾರು ಮೂರರಲ್ಲೊಂದು ಪಾಲು, ಕಾಲಲ್ಲಿ ಐದರಲ್ಲೊಂದು. ಅದಕ್ಕೇ ಆರರಿಂದ ಎಂಟು ಸೆಷನ್, ಅದಕ್ಕೇ ನಡುವೆ ಬಿಡುವು. ಮುಖಕ್ಕೆ 4ರಿಂದ 6 ವಾರ, ಮೈಗೆ 6ರಿಂದ 8, ಕಾಲಿಗೆ 8ರಿಂದ 10. ಎರಡು ವಾರಕ್ಕೊಮ್ಮೆ ಬನ್ನಿ, ಮದುವೆಯೊಳಗೆ ಮುಗಿಸೋಣ ಅನ್ನುವುದು ದುಡ್ಡು ಬೇಗ ಬರಲಿ ಅನ್ನುವವರ ಲೆಕ್ಕ.

ಆರು ಸೆಷನ್, ಆರು ವಾರದ ಬಿಡುವು ಅಂದರೆ 30 ವಾರ. ನಾಗರ ಪಂಚಮಿಯ ಹೊತ್ತಿಗೆ ಶುರು ಮಾಡಿದರೆ ಹೆಚ್ಚುಕಮ್ಮಿ ಶಿವರಾತ್ರಿಗೆ ಮುಗಿಯುತ್ತದೆ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಗುವವರು ನಗಲಿ. ಮೋಡ ಮತ್ತು ಚಳಿಯ ಆ ಏಳು ತಿಂಗಳೇ ಲೇಸರಿನ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಕೈ, ಮುಖ, ಕತ್ತಿಗೆ ಶುರು ಮಾಡಬೇಡಿ. ಕಂಕುಳು, ಬಿಕಿನಿ ಭಾಗಕ್ಕೆ ಮಾತ್ರ ಕಾಲದ ಕಟ್ಟು ಇಲ್ಲ. ವೈಶಾಖದ ಮದುವೆಗೆ ಹುಡುಗಿ ಸಿದ್ಧವಾಗಬೇಕೆಂದರೆ ಹಿಂದಿನ ಶ್ರಾವಣದಲ್ಲೇ ಮೊದಲ ಸೆಷನ್ ಆಗಿರಬೇಕು.

ತಯಾರಿಯಲ್ಲಿ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ದಾರ. ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಚಿಮಟ, ಎಪಿಲೇಟರ್ ಎಲ್ಲವೂ ಕೂದಲನ್ನು ಬೇರಿನಿಂದ ಕೀಳುತ್ತವೆ. ಬೇರಿಲ್ಲದ ರಂಧ್ರದಲ್ಲಿ ಬೆಳಕಿಗೆ ಹಿಡಿಯಲು ಏನೂ ಇಲ್ಲ. ಮೊದಲ ಸೆಷನ್ನಿಗೆ 4ರಿಂದ 6 ವಾರ ಮೊದಲೇ ಇವನ್ನು ನಿಲ್ಲಿಸಬೇಕು, ಕೊನೆಯ ಸೆಷನ್ ಮುಗಿಯುವವರೆಗೆ ಮತ್ತೆ ಮುಟ್ಟಬಾರದು. ನಡುವೆ ರೇಜರ್ ಅಥವಾ ಟ್ರಿಮ್ಮರ್ ಮಾತ್ರ. ‘ಬ್ಲೇಡ್ ಹಾಕಿದ್ರ ದಪ್ಪ ಬರ್ತೈತಿ’ ಎಂದು ಅವ್ವ, ದೊಡ್ಡಮ್ಮ ಹೇಳಿಯೇ ಹೇಳುತ್ತಾರೆ. ಕೂದಲ ತುದಿ ಸಹಜವಾಗಿ ಚೂಪು, ಕತ್ತರಿಸಿದ ಮೇಲೆ ಮೊಂಡು, ಕೈಗೆ ಒರಟು ತಾಗುತ್ತದೆ. ದಪ್ಪವಾಗುವುದಿಲ್ಲ, ಬುಡಕ್ಕೆ ಬ್ಲೇಡಿನ ಸುದ್ದಿಯೇ ಗೊತ್ತಿಲ್ಲ.

ಸೆಷನ್ನಿನ ಹಿಂದಿನ ದಿನ ನುಣ್ಣಗೆ ಶೇವ್ ಮಾಡಿಕೊಂಡು ಹೋಗಬೇಕು. ಉದ್ದ ಕೂದಲು ಚರ್ಮದ ಮೇಲೆ ಮಲಗಿದ್ದರೆ ಅದು ಅಲ್ಲೇ ಸುಟ್ಟು ಚರ್ಮವನ್ನೂ ಸುಡುತ್ತದೆ. ಅರಿಶಿನ, ಪೌಡರ್, ಡಿಯೋಡ್ರಂಟ್, ಎಣ್ಣೆ ಎಲ್ಲ ತೊಳೆದಿರಲಿ. ಕೈಗೆ ಮೆಹಂದಿ ಇದ್ದರೆ ಬಣ್ಣ ಪೂರ್ತಿ ಹೋಗುವವರೆಗೆ ಆ ಜಾಗ ಬೇಡ, ಬೆಳಕಿಗೆ ಮೆಹಂದಿಯೂ ಬಣ್ಣವೇ. ಇನ್ನು ಹಚ್ಚೆ. ನಮ್ಮ ಕಡೆ ಮುಂಗೈ ಮೇಲೆ, ಗದ್ದದ ಮೇಲೆ ಹಸಿರು ಹಚ್ಚೆ ಹಾಕಿಸಿಕೊಂಡವರು ಬೇಕಾದಷ್ಟು ಮಂದಿ. ಹಚ್ಚೆಯ ಮಸಿ ಎಲ್ಲ ತರಂಗಾಂತರವನ್ನೂ ಹೀರುತ್ತದೆ. ಅದರ ಮೇಲೆ ಒಂದು ಏಟು ಬಿದ್ದರೂ ಆ ಚುಕ್ಕೆಯ ಆಕಾರಕ್ಕೇ ಬೊಕ್ಕೆ. ಹಚ್ಚೆಯನ್ನೂ ಮಚ್ಚೆಯನ್ನೂ ಬಿಳಿ ಪೆನ್ಸಿಲ್ ಅಥವಾ ಬಿಳಿ ಟೇಪಿನಿಂದ ಮುಚ್ಚಿ, ಒಂದು ಬೆರಳ ಅಂತರ ಬಿಟ್ಟು ಹಾಕಬೇಕು. ಬಾಯಿ ಸುತ್ತ ಆಗಾಗ ಸರ್ಪಸುತ್ತಿನಂಥ ನೀರುಗುಳ್ಳೆ ಏಳುವವರು, ಗಾಯ ಒಣಗಿದ ಮೇಲೆ ಉಬ್ಬುವ ಗುಣದವರು, ತೊನ್ನು ಇರುವವರು, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತಿನ್ನುತ್ತಿರುವವರು ಮೊದಲೇ ಬಾಯಿಬಿಟ್ಟು ಹೇಳಬೇಕು. ಮುಖಕ್ಕೆ ಬೆಳ್ಳಗಾಗುವ ಕ್ರೀಮ್ ಹಚ್ಚುವವರೂ ಅಷ್ಟೇ. ಸ್ಟಿರಾಯ್ಡ್ ಬೆರೆತ ಕ್ರೀಮು ತಾನೇ ಮುಖದ ಕೂದಲು ಹೆಚ್ಚಿಸುತ್ತದೆ. ಬಸುರಿಯರು ಹೆರಿಗೆವರೆಗೆ ಕಾಯುವುದೇ ರೂಢಿ.

ಮರಗಟ್ಟಿಸುವ ಕ್ರೀಮಿನ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಮೇಲ್ತುಟಿಗೋ ಗದ್ದಕ್ಕೋ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲು ಹಚ್ಚಿದರೆ ತೊಂದರೆಯಿಲ್ಲ. ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಬಸ್ಸು ಹತ್ತಬೇಡಿ. ಔಷಧಿ ರಕ್ತಕ್ಕೆ ಸೇರಿ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಲೇಸರಿಗೆ ಮೊದಲು ಹೀಗೆ ಬಳಿದುಕೊಂಡು ಪ್ರಾಣ ಹೋದ ಪ್ರಕರಣಗಳಿದ್ದವು, ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಹೊರಡಿಸಿತು.

ಟೇಬಲ್ ಮೇಲೆ ಮಲಗಿದಾಗ

ಮೊದಲ ದಿನವೇ ಪೂರ್ತಿ ಹಾಕುತ್ತೇವೆ ಅನ್ನುವವರನ್ನು ಬಿಡಿ. ಎರಡು ಮೂರು ಏಟಿನ ಪ್ಯಾಚ್ ಟೆಸ್ಟ್ ಆಗಬೇಕು. ಕಪ್ಪು ಚರ್ಮದಲ್ಲಿ ಸುಟ್ಟದ್ದು ತಡವಾಗಿ ತೋರುವುದರಿಂದ ಎರಡು ಮೂರು ದಿನ ನೋಡಬೇಕು.

ನಿಮ್ಮ ಕಣ್ಣಿಗೂ ಮಾಡುವವರ ಕಣ್ಣಿಗೂ ಆ ತರಂಗಾಂತರಕ್ಕೇ ಹೊಂದುವ ಕನ್ನಡಕ ಬೇಕು. ಕನ್ನಡಕದ ಮೇಲೆ ಅಂಕಿ ಬರೆದಿರುತ್ತದೆ, ಓದಿ. ಹತ್ತಿ ಉಂಡೆ ಇಟ್ಟು ಕರ್ಚೀಫು ಮುಚ್ಚುವುದು ರಕ್ಷಣೆಯಲ್ಲ. ಹುಬ್ಬಿನ ಕೆಳಗೆ, ರೆಪ್ಪೆಯ ಮೇಲೆ ಯಾರೇ ಹೇಳಿದರೂ ಬೇಡ. ತಾಳಿ, ಸರ, ಬಳೆ ಪಕ್ಕಕ್ಕಿರಲಿ, ಹೊಳೆಯುವ ಲೋಹ ಬೆಳಕನ್ನು ತಿರುಗಿಸುತ್ತದೆ.

ಹಿಡಿಯ ತುದಿ ಗಾಜನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಏಟು ಬಿದ್ದಂತೆ ಸುಟ್ಟ ಕೂದಲ ಕರಿ ಅದಕ್ಕೆ ಅಂಟುತ್ತದೆ, ಬೂದಿ ಮೆತ್ತಿದ ಹಾಗೆ. ಹತ್ತು ಹದಿನೈದು ಏಟಿಗೊಮ್ಮೆ ಒರೆಸಬೇಕು. ಒರೆಸದಿದ್ದರೆ ಆ ಕರಿಯೇ ಬೆಳಕು ಹೀರಿ ಕಾದು ಗಾಜಿನ ಆಕಾರಕ್ಕೆ ಚೌಕದ ಬರೆ ಹಾಕುತ್ತದೆ. ನಾವು ಕೇಳುವ ಸುಟ್ಟಗಾಯಗಳಲ್ಲಿ ಕೆಟ್ಟ ಮಷೀನಿನಿಂದಾದವು ಕಡಿಮೆ, ಒರೆಸದ ಗಾಜು, ಟ್ಯಾನ್ ಆದ ಚರ್ಮ, ತಣ್ಣಗಾಗದ ತುದಿ, ಈ ಮೂರರಿಂದಾದವೇ ಹೆಚ್ಚು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು, ಎಸಿ ನಿಂತು, ಮಷೀನಿನ ನೀರು ಬಿಸಿಯಾಗಿದ್ದರೆ ತುದಿ ತಣ್ಣಗಿರುವುದಿಲ್ಲ. ಗಾಜು ಮುಟ್ಟಿದಾಗ ತಂಪು ಹತ್ತದಿದ್ದರೆ ‘ಸ್ವಲ್ಪ ತಡೀರಿ’ ಎನ್ನಲು ಹಿಂಜರಿಯಬೇಡಿ.

ಏಟು ಸರಿಯಾಗಿ ಬಿದ್ದದ್ದರ ಗುರುತು ಹೀಗಿರುತ್ತದೆ: ಐದು ಹತ್ತು ನಿಮಿಷದಲ್ಲಿ ಒಂದೊಂದು ಕೂದಲ ರಂಧ್ರದ ಸುತ್ತ ಸೊಳ್ಳೆ ಕಚ್ಚಿದಷ್ಟು ಸಣ್ಣ ಉಬ್ಬು, ತುಸು ಕೆಂಪು, ಸುಟ್ಟ ಕೂದಲ ವಾಸನೆ. ಅಷ್ಟೇ. ಉಬ್ಬುಗಳ ನಡುವಿನ ಚರ್ಮ ಬೂದು ಬಣ್ಣಕ್ಕೆ, ಬಿಳಿಗೆ ತಿರುಗಿದರೆ, ಏಟು ನಿಂತ ಮೇಲೂ ಉರಿ ಏರುತ್ತಲೇ ಹೋದರೆ ಅಲ್ಲಿಗೇ ನಿಲ್ಲಿಸಬೇಕು.

ಮನೆಗೆ ಬಂದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು ಇಟ್ಟುಕೊಳ್ಳಿ. ಎರಡು ದಿನ ಬಿಸಿನೀರ ಸ್ನಾನ, ಉಜ್ಜುವ ಕಲ್ಲು, ಒಲೆಯ ಮುಂದೆ ಹೊತ್ತುಗಟ್ಟಲೆ ಕೂರುವುದು ಬೇಡ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಮುಖ ಕತ್ತಿಗೆ ಎರಡು ಬೆರಳುದ್ದ ಹಿಂಡಿ ಹಚ್ಚಬೇಕು, ಹೊರಗಿದ್ದರೆ ಎರಡು ಮೂರು ತಾಸಿಗೊಮ್ಮೆ. ಅದಕ್ಕಿಂತ ನಂಬಿಕೆಯದು ಸೆರಗು, ದುಪಟ್ಟ, ಪೂರ್ತಿ ತೋಳು.

ಒಂದು ವಾರ ಕಳೆಯುವ ಹೊತ್ತಿಗೆ ಕರೀ ಚುಕ್ಕೆಗಳು ಮೇಲೆ ಬರತೊಡಗುತ್ತವೆ. ಮತ್ತೆ ಬೆಳೆಯಿತು ಎಂದು ಎದೆ ಒಡೆದುಕೊಳ್ಳಬೇಡಿ. ಅವು ಸತ್ತ ಕೂದಲು, ಚರ್ಮ ಹೊರಗೆ ತಳ್ಳುತ್ತಿದೆ. ಸ್ನಾನದ ನಂತರ ಟವೆಲ್ಲಿನಿಂದ ಮೆಲ್ಲಗೆ ಒರೆಸಿದರೆ ಟವೆಲ್ಲಿಗೇ ಸಾಸಿವೆ ಪುಡಿಯಂತೆ ಅಂಟಿ ಬರುತ್ತವೆ. ಎರಡು ಮೂರು ವಾರದಲ್ಲಿ ಉದುರಿ ಮುಗಿಯುತ್ತದೆ. ಮೂರು ವಾರವಾದರೂ ಒಂದೂ ಉದುರದಿದ್ದರೆ ಶಕ್ತಿ ಸಾಲಲಿಲ್ಲ. ಪಟ್ಟೆ ಪಟ್ಟೆಯಾಗಿ, ಒಂದು ಸಾಲು ಬೋಳು ಒಂದು ಸಾಲು ಕೂದಲು ಎಂಬಂತೆ ಕಂಡರೆ ಏಟಿನ ನಡುವೆ ಜಾಗ ಬಿಟ್ಟಿದ್ದಾರೆ. ಫೋಟೊ ತೋರಿಸಿ ಅಷ್ಟನ್ನು ಪುಕ್ಕಟೆ ಹಾಕಿಸಿಕೊಳ್ಳಬಹುದು.

ಬೊಕ್ಕೆ ಎದ್ದರೆ ಒಡೆಯಬೇಡಿ. ಟೂತ್‌ಪೇಸ್ಟ್, ಮಸಿ, ಅರಿಶಿನ ಹಚ್ಚಬೇಡಿ. ತಣ್ಣೀರು, ವ್ಯಾಸಲಿನ್ ತೆಳುವಾಗಿ, ಮರುದಿನವೇ ಚರ್ಮದ ಡಾಕ್ಟರು. ನಮ್ಮ ಚರ್ಮದಲ್ಲಿ ಸುಟ್ಟ ಜಾಗ ಕಪ್ಪಾಗಿ ಉಳಿಯುತ್ತದೆ, ಬಿಸಿಲಿಗೆ ಬಿಡದೆ ನೋಡಿಕೊಂಡರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಬಿಳಿ ಕಲೆಯಾದರೆ ತಿಳಿಯಾಗುವುದು ಇನ್ನೂ ನಿಧಾನ.

ಊರಲ್ಲೇನಾ, ಹೊರಗೇನಾ

ರಾಯಚೂರಿನವರು ಹೈದರಾಬಾದು, ಕೊಪ್ಪಳದವರು ಹುಬ್ಬಳ್ಳಿ, ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಹೀಗೆ ದಾರಿಗಳು ರೂಢಿಯಾಗಿವೆ. ಒಂದು ಸಲದ ಲೆಕ್ಕ ಹಾಕಬೇಡಿ, ಎಂಟು ಸಲದ್ದು ಹಾಕಿ: ಟಿಕೆಟ್, ಊಟ, ಜೊತೆಗೆ ಬರುವ ಅವ್ವನದೋ ಅಕ್ಕನದೋ ಟಿಕೆಟ್, ಬಿಟ್ಟ ಎಂಟು ದಿನದ ಸಂಬಳ. ದೊಡ್ಡ ಊರಿನಲ್ಲಿ ಒಳ್ಳೆಯ ಯಾಗ್ ಮಷೀನು ಸಿಗಬಹುದು, ಆದರೆ ಮೂರನೇ ಸೆಷನ್ನಿಗೆ ಬೇಸರವಾಗಿ ಬಿಟ್ಟರೆ ಅಷ್ಟೂ ನೀರುಪಾಲು. ಬೊಕ್ಕೆ ಎದ್ದ ಮರುದಿನ ತೋರಿಸಲು ಹತ್ತಿರದ ಡಾಕ್ಟರೇ ಬೇಕು. ಹಾಗಾಗಿ ನಮ್ಮ ಸಲಹೆ: ಊರಲ್ಲೇ ಚರ್ಮರೋಗದಲ್ಲಿ ಎಂಡಿ, ಡಿವಿಡಿ ಅಥವಾ ಡಿಎನ್‌ಬಿ ಮಾಡಿದ ಡಾಕ್ಟರ ಬಳಿ ಲಾಂಗ್ ಪಲ್ಸ್ ಯಾಗ್ ಅಥವಾ ತಣ್ಣನೆ ತುದಿಯ ಡಯೋಡ್ ಇದ್ದರೆ ಅದೇ ಸರಿ. ಇಲ್ಲವಾದರೆ ಮುಖಕ್ಕೆ ಮಾತ್ರ ಹೊರಗೆ ಹೋಗಿ, ಉಳಿದ ಮೈಗೆ ಕಾಯಿರಿ.

ಗೋಡೆಯ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ, ಅಂದರೆ ಕೆಪಿಎಂಇ, ತೂಗುಹಾಕಿದೆಯೇ ನೋಡಿ. ಕೌಂಟರಿನಲ್ಲಿ ಕೇಳಲು ನಾಚಿಕೆ ಬೇಡ: ‘ಮೇಡಂ, ಇದು ಯಾವ ಲೇಸರ್ರೀ, ಎಷ್ಟು ನ್ಯಾನೊಮೀಟರ್? ಹಿಡಿ ಹಿಡಿಯೋರು ಯಾರು, ಡಾಕ್ಟರ್ ಕೋಣೆಯಾಗ ಇರ್ತಾರೇನ್ರೀ?’ ಉತ್ತರವಾಗಿ ಬ್ರ್ಯಾಂಡಿನ ಹೆಸರು, ನಟಿಯ ಫೋಟೊ ಮಾತ್ರ ಬಂದರೆ ಎದ್ದು ಬನ್ನಿ. ಎಂಟರ ಪ್ಯಾಕೇಜಿಗೆ ಒಟ್ಟಿಗೆ ಕಟ್ಟುವ ಬದಲು ಮೊದಲ ಎರಡಕ್ಕೆ ಬಿಡಿಬಿಡಿಯಾಗಿ ಕಟ್ಟಿ, ಉದುರುವುದು ನೋಡಿ ಆಮೇಲೆ ಪ್ಯಾಕೇಜು ಮಾತಾಡಿ. ಜಿಎಸ್‌ಟಿ ಸೇರಿದೆಯೇ, ಶೇವಿಂಗಿಗೆ ಬೇರೆ ಬಿಲ್ಲಿದೆಯೇ ಎಂದೂ ಮೊದಲೇ ಕೇಳಿ.

ಪ್ರತಿ ಸಲ ಹೊರಡುವ ಮುನ್ನ ಒಂದು ಚೀಟಿ ಬರೆಸಿಕೊಳ್ಳಿ: ದಿನಾಂಕ, ಮಷೀನಿನ ಹೆಸರು, ತರಂಗಾಂತರ, ಜೂಲ್, ಮಿಲಿಸೆಕೆಂಡ್, ತುದಿಯ ಅಳತೆ. ಕ್ಲಿನಿಕ್ ಮುಚ್ಚಿದರೂ, ನೀವು ಮದುವೆಯಾಗಿ ಬೇರೆ ಊರಿಗೆ ಹೋದರೂ, ಮುಂದಿನ ಡಾಕ್ಟರು ಆ ಚೀಟಿ ನೋಡಿಯೇ ಅಲ್ಲಿಂದ ಮುಂದುವರಿಸಬಲ್ಲರು. ಚೀಟಿ ಇಲ್ಲದಿದ್ದರೆ ಮತ್ತೆ ಪ್ಯಾಚ್ ಟೆಸ್ಟಿನಿಂದ, ಕಡಿಮೆ ಜೂಲಿನಿಂದಲೇ ಶುರು.